ಚಳಿಗೆ ಸ್ಟಾರ್ಟ್ ಆಗದ ಹಳೇ ಕಾರು: ಕೀ, ಸ್ಕ್ಯಾನರ್, ಮೂಗು, ಗೇಜು – ಯಾವುದು ನಿಜ ಹೇಳಿತು?

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಕೆಳಗೆ, ತೋಟದ ಅಂಚಿನಲ್ಲಿದೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರೂವರೆಗೆ ಕಾರಿನ ಗಾಜಿನ ಮೇಲೆ ಇಬ್ಬನಿ ನೀರಾಗಿ ಇಳಿಯುತ್ತಿರುತ್ತದೆ. ಆ ಹೊತ್ತಿಗೆ ಕೀ ತಿರುಗಿಸಿದರೆ ನನ್ನ 2002ರ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮುಕಿಸುವ) ಕಾರು ಹತ್ತು ಹನ್ನೆರಡು ಸೆಕೆಂಡು ಗೊರಗೊರ ಅಂದು, ಒಮ್ಮೆ ಸೀನಿ, ಸುಮ್ಮನಾಗುತ್ತಿತ್ತು. ಮೂರನೇ ಸಲಕ್ಕೆ ಹೇಗೋ ಹಿಡಿದುಕೊಳ್ಳುತ್ತಿತ್ತು. ಮಧ್ಯಾಹ್ನ ಅದೇ ಕಾರು ಮುಟ್ಟಿದರೆ ಸ್ಟಾರ್ಟ್. ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದ ಅಪ್ಪಯ್ಯ ಅಲ್ಲಿಂದಲೇ ಕೂಗುತ್ತಿದ್ದರು: "ಬ್ಯಾಟರಿ ಇಳಿದು ಹೋಗ್ತದೆ ಮಾರಾಯ! ಕಾರ್ಬುರೇಟರ್ ಗಾಡಿಯೇ ಚಲೋ ಇತ್ತು, ಚೋಕ್ ಎಳೆದ್ರೆ ಮುಗೀತು."

ಮೊದಲು ಮಾಡಿದ್ದೇ ದೊಡ್ಡ ದಡ್ಡತನ. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತುವ ಮೊದಲೇ "ಪೆಟ್ರೋಲ್ ಪಂಪ್ ಹೋಗಿದೆ ಸಾರ್" ಅಂದರು. ಹಿಂದಿನ ಸೀಟು ಎತ್ತಿ ಟ್ಯಾಂಕಿನ ಪಂಪು ಬದಲಾಯಿಸಿದರು. ನಾಲ್ಕು ಸಾವಿರ ಚಿಲ್ಲರೆ ಹೋಯಿತು. ಮರುದಿನ ಬೆಳಗ್ಗೆ ಅದೇ ಗೊರಗೊರ.

ಆಮೇಲೆ ಒಂದೊಂದೇ ದಾರಿ ನಾನೇ ನೋಡಿದೆ.

ಎಲ್ಲಕ್ಕಿಂತ ಅಗ್ಗ ಕೀ ಪರೀಕ್ಷೆ. ಕೀಯನ್ನು ಆನ್‌ಗೆ ತಂದು ನಿಲ್ಲಿಸಿ, ಸ್ಟಾರ್ಟರ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗೆ "ಝೂಂ" ಅಂತ ಎರಡು ಮೂರು ಸೆಕೆಂಡು ಸದ್ದು ಬಂದು ನಿಲ್ಲುತ್ತದೆ. ಅದು ಪಂಪು ಪ್ರೆಶರ್ ಕಟ್ಟುವ ಸದ್ದು. ಆಫ್ ಮಾಡಿ, ಮತ್ತೆ ಆನ್. ಹೀಗೆ ಮೂರು ಸಲ ಮಾಡಿ ನಂತರ ಸ್ಟಾರ್ಟ್ ಹೊಡೆದೆ. ಒಂದೇ ಏಟಿಗೆ ಹಿಡಿಯಿತು! ಅಂದರೆ ಕಿಡಿ ಕೊಡುವ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲ ಸರಿ ಇವೆ. ರಾತ್ರಿ ಪೈಪಿನ ಪ್ರೆಶರ್ ಎಲ್ಲೋ ಸೋರಿ ಹೋಗುತ್ತಿದೆ. ತೋಟದ ಪಂಪಿನ ಫುಟ್‌ವಾಲ್ವ್ ಲೀಕಾದರೆ ಬೆಳಗ್ಗೆ ನೀರು ತುಂಬಿಸಿಯೇ ಆನ್ ಮಾಡಬೇಕು ಅಲ್ವಾ, ಅದೇ ಕಥೆ. ಕಾಸಿಲ್ಲದೆ ಇಷ್ಟು ಹೇಳುವ ಪರೀಕ್ಷೆ ಬೇರೆ ಇಲ್ಲ. ಆದರೆ ಎಲ್ಲಿ ಸೋರುತ್ತಿದೆ ಅಂತ ಮಾತ್ರ ಇದು ಹೇಳುವುದಿಲ್ಲ.

ಸ್ಕ್ಯಾನರ್ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು, ಅದೇ ಜಾಸ್ತಿ ಬೇಸರ ಮಾಡಿತು. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ್ದು ನನ್ನ ಕಾರಿನ ಜೊತೆ ಮಾತೇ ಆಡಲಿಲ್ಲ. ನಮ್ಮಲ್ಲಿ ಓಬಿಡಿ (ಕಾರು ತನ್ನ ದೋಷ ತಾನೇ ಗುರುತಿಸಿ ಸ್ಕ್ಯಾನರ್‌ಗೆ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2010ರಿಂದ ಈಚೆಗೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬರ ಹತ್ತಿರ ದೊಡ್ಡ ಸ್ಕ್ಯಾನರ್ ಇತ್ತು, ಅದು ಕನೆಕ್ಟ್ ಆಯಿತು. ದೋಷ ಹೇಳುವ ಕೋಡ್ ಒಂದೂ ಇಲ್ಲ. ಬರುವುದಾದರೂ ಹೇಗೆ? ಈ ಕಾರಿನಲ್ಲಿ ಪೆಟ್ರೋಲ್ ಪ್ರೆಶರ್ ನೋಡುವ ಸೆನ್ಸರೇ ಇಲ್ಲ. ಒಂದು ಉಪಕಾರ ಆಯಿತು: ಎಂಜಿನ್ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ಸರಿ ಇದೆ ಅಂತ ಗೊತ್ತಾಯಿತು. ಆ ಸೆನ್ಸರ್ ಕೆಟ್ಟು, ತಣ್ಣಗಿರುವ ಎಂಜಿನ್ನನ್ನು ಬಿಸಿ ಅಂತ ತೋರಿಸಿದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಕಡಿಮೆ ಬಿಡುತ್ತದೆ, ಆಗಲೂ ಬೆಳಗ್ಗೆ ಇದೇ ಗೋಳು. ಅದನ್ನು ಮನೆಯ ಮಲ್ಟಿಮೀಟರ್‌ನಲ್ಲೇ ನೋಡಬಹುದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಸ್ಕ್ಯಾನರ್‌ಗೆ ಅಂತ ಶಿವಮೊಗ್ಗಕ್ಕೆ ಹೋಗಬೇಕಾಗಿರಲಿಲ್ಲ.

ಇನ್ನು ಮೂಗಿನ ಪರೀಕ್ಷೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ಫ್ಯೂಯೆಲ್ ರೈಲಿನ ತುದಿಯಲ್ಲಿ ಚಿಕ್ಕ ಡಬ್ಬಿಯ ಹಾಗೆ, ಪ್ರೆಶರ್ ಹದದಲ್ಲಿಡುವ ರೆಗ್ಯುಲೇಟರ್ ಇರುತ್ತದೆ. ಅದರ ನೆತ್ತಿಗೆ ಒಂದು ತೆಳು ವ್ಯಾಕ್ಯೂಮ್ ಪೈಪು. ಅದನ್ನು ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಒಳಗಿನ ತೆಳು ಪರದೆ, ಡಯಾಫ್ರಾಮ್, ಹರಿದಿದೆ ಅಂತ ಅರ್ಥ. ನನ್ನದು ಒಣಗಿತ್ತು, ವಾಸನೆಯೂ ಇಲ್ಲ. "ರೆಗ್ಯುಲೇಟರ್ ಪಾಸ್" ಅಂದುಕೊಂಡು ಹದಿನೈದು ದಿನ ಹಾಳು ಮಾಡಿದೆ. ನಾನು ಎಡವಿದ್ದು ಇಲ್ಲಿಯೇ. ರೆಗ್ಯುಲೇಟರ್ ಎರಡು ರೀತಿ ಕೆಡುತ್ತದೆ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ವ್ಯಾಕ್ಯೂಮ್ ಪೈಪಿಗೆ ಬರುತ್ತದೆ, ಮೂಗಿಗೆ ಸಿಗುತ್ತದೆ. ಒಳಗಿನ ವಾಲ್ವ್ ಸೀಟು ಸವೆದರೆ, ಅಥವಾ ಅದಕ್ಕೆ ಕಸ ಕೂತರೆ, ಪೆಟ್ರೋಲ್ ಸದ್ದಿಲ್ಲದೆ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಹೊರಗೆ ಒಂದು ಹನಿ ಕಾಣುವುದಿಲ್ಲ, ವಾಸನೆಯೂ ಇಲ್ಲ. ಈ ಪರೀಕ್ಷೆಯಲ್ಲಿ ಫೇಲ್ ಆದರೆ ನಂಬಿ, ಪಾಸ್ ಆದರೆ ನಂಬಬೇಡಿ.

ಕೊನೆಗೆ ಪೆಟ್ರೋಲ್ ಪ್ರೆಶರ್ ತೋರಿಸುವ ಗೇಜು. ಟಿ ಜಾಯಿಂಟ್ ಸಮೇತ ಎರಡು ಸಾವಿರದ ಒಳಗೆ ಬಂತು. ಜೋಡಿಸುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆ. ಬಚ್ಚಲ ಒಲೆ ಪಕ್ಕದಲ್ಲೇ ಇದ್ದದ್ದರಿಂದ ಕಾರನ್ನು ಅಂಗಳದ ಆ ತುದಿಗೆ ದೂಡಿದೆವು. ಪೆಟ್ರೋಲ್ ಜೊತೆ ಹುಡುಗಾಟ ಬೇಡ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು 2.5 ಬಾರ್‌ನಲ್ಲಿ (ಬಾರ್ ಅಂದರೆ ಪ್ರೆಶರ್‌ನ ಅಳತೆ) ನಿಂತಿತು. ವ್ಯಾಕ್ಯೂಮ್ ಪೈಪು ಎಳೆದರೆ 3ಕ್ಕೆ ಏರಿತು. ಓಡುವಾಗ ಎಲ್ಲ ಸರಿ, ಹಾಗಾಗಿಯೇ ರಸ್ತೆಯಲ್ಲಿ ಕಾರು ಚೆನ್ನಾಗಿ ಎಳೆಯುತ್ತಿತ್ತು. ಆಫ್ ಮಾಡಿ ಒಂದು ಲೋಟ ಕಾಫಿ ಹಿಡಿದು ಕೂತೆ. ಮುಳ್ಳು ಇಳಿಯುವುದು ಕಣ್ಣಿಗೆ ಕಾಣಲಿಲ್ಲ, ಗಡಿಯಾರದ ಗಂಟೆ ಮುಳ್ಳಿನ ಹಾಗೆ. ಕಾಫಿ ಮುಗಿಯುವಾಗ 1.5. ಅರ್ಧ ಗಂಟೆಗೆ ಸೊನ್ನೆಯ ಹತ್ತಿರ. ಇಷ್ಟು ಬೇಗ ಇಳಿಯಬಾರದು.

ಈಗ ಕ್ಲ್ಯಾಂಪ್ ಆಟ. ಮತ್ತೆ ಸ್ಟಾರ್ಟ್ ಮಾಡಿ, ಆಫ್ ಮಾಡಿದ ತಕ್ಷಣ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಹಿಸುಕಿದೆ. ಮುಳ್ಳು ಮೊದಲಿನ ಹಾಗೇ ಇಳಿಯಿತು. ಅಂದರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಹೊಸ ಪಂಪಿನ ಚೆಕ್ ವಾಲ್ವ್‌ನದು ತಪ್ಪಲ್ಲ. ಎರಡನೇ ಸಲ ರಿಟರ್ನ್ ಪೈಪು ಹಿಸುಕಿದೆ. ಮುಳ್ಳು ಅಲ್ಲೇ ನಿಂತಿತು. ಅರ್ಧ ಗಂಟೆ ಕಳೆದು ನೋಡಿದರೂ ಅಲ್ಲೇ. ಕಳ್ಳ ಸಿಕ್ಕಿದ: ರೆಗ್ಯುಲೇಟರ್. ಎರಡೂ ಕಡೆ ಹಿಸುಕಿದರೂ ಇಳಿದಿದ್ದರೆ ಇಂಜೆಕ್ಟರ್ ಸೋರುತ್ತಿದೆ ಅಂತ. ಆಗ ಬೆಳಗ್ಗೆ ಸ್ಟಾರ್ಟ್ ಆದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಒದ್ದೆ ಪ್ಲಗ್, ಇವೂ ಸಾಕ್ಷಿ ಹೇಳುತ್ತವೆ.

ಎಂಜಿನ್ ಓಡುತ್ತಿರುವಾಗ ಮಾತ್ರ ರಿಟರ್ನ್ ಪೈಪು ಹಿಸುಕಬೇಡಿ. ಪೆಟ್ರೋಲ್‌ಗೆ ವಾಪಸ್ ಹೋಗಲು ದಾರಿ ಇಲ್ಲದೆ ಪ್ರೆಶರ್ ಒಮ್ಮೆಲೇ ಏರಿ, ಹಳೇ ಪೈಪು ಸಿಡಿಯಬಹುದು. ಗಟ್ಟಿ ಪ್ಲಾಸ್ಟಿಕ್ ಪೈಪನ್ನೂ ಹಿಸುಕಬಾರದು, ಬಿರುಕು ಬಿಡುತ್ತದೆ. ರಿಟರ್ನ್ ಪೈಪೇ ಇಲ್ಲದ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಪಂಪಿನ ಜೊತೆ ಇರುತ್ತದೆ. ಅಲ್ಲಿ ಈ ಆಟ ಅರ್ಧಕ್ಕೇ ನಿಲ್ಲುತ್ತದೆ.

ನನ್ನನ್ನು ಕೇಳಿದರೆ, ಮೊದಲು ಕೀ, ಆಮೇಲೆ ಗೇಜು. ಗೇಜು ಕೊಳ್ಳಲು ಮನಸ್ಸಿಲ್ಲದಿದ್ದರೆ ಮೂರು ಸಲ ಆನ್ ಆಫ್ ಮಾಡಿಯೇ ಒಂದಷ್ಟು ದಿನ ದೂಡಬಹುದು, ನಾನೂ ದೂಡಿದ್ದೇನೆ. ಊಹೆಯ ಮೇಲೆ ಪಂಪು ಬದಲಾಯಿಸುವುದು ಮಾತ್ರ ಬೇಡವೇ ಬೇಡ.

ರೆಗ್ಯುಲೇಟರ್ ಎರಡೇ ಬೋಲ್ಟ್. ಹೊಸ ಓ-ರಿಂಗ್‌ಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಕೂರಿಸಿದೆ. ರಾತ್ರಿ ಗೇಜು ಬಿಚ್ಚದೆ ಮಲಗಿದೆ. ಬೆಳಗ್ಗೆ ಟಾರ್ಚ್ ಹಾಕಿ ನೋಡಿದರೆ 1.8 ಬಾರ್. ಕೀ ತಿರುಗಿಸಿದ್ದೇ ತಡ, ಹಿಡಿಯಿತು. ಒಲೆ ಮುಂದಿನಿಂದ ಈ ಸಲ ಕೂಗು ಬರಲಿಲ್ಲ. ಸುಮ್ನೆ ಬಿಚ್ಚಿಸಿದ ಹಳೇ ಪಂಪು ಪೇಪರ್ ಸುತ್ತಿಕೊಂಡು ಅಟ್ಟದ ಮೇಲಿದೆ. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯಲು ಬರ್ತದಾ ಅಂತ ಅಪ್ಪಯ್ಯ ಎರಡು ಸಲ ಕೇಳಿದ್ದಾರೆ.