ಬ್ರೆಗೆಂಟ್ಸ್‌ನ ಸರೋವರ ವೇದಿಕೆ: ಟಿಕೆಟ್ ಕೊಳ್ಳುವ ಮುನ್ನ ಮಳೆಯ ನಿಯಮ ಓದಿ

ಆಸ್ಟ್ರಿಯಾದ ಬ್ರೆಗೆಂಟ್ಸ್‌ನಲ್ಲಿ ಕಾನ್‌ಸ್ಟನ್ಸ್ ಸರೋವರದ ನೀರಿನ ಮೇಲೇ ಕಟ್ಟಿದ ವೇದಿಕೆಯಲ್ಲಿ ಒಪೆರಾ ನೋಡಲು ಹೋದವರು ದುಡ್ಡು ಕಳೆದುಕೊಂಡು ಬರುವುದು ಹೆಚ್ಚಾಗಿ ಮಳೆಯಿಂದ. ಸುಮಾರು 7,000 ಜನ ಕೂರುವ ಗ್ಯಾಲರಿಗೆ ಚಾವಣಿ ಇಲ್ಲ. ಈ ಒಪೆರಾ ಉತ್ಸವ ನಡೆಯುವುದು ಜುಲೈ-ಆಗಸ್ಟ್‌ನಲ್ಲಿ. ಆಲ್ಪ್ಸ್ ತಪ್ಪಲಿನಲ್ಲಿ ಸಂಜೆಯ ಗುಡುಗುಮಳೆಗೂ ಅದೇ ಕಾಲ.

ಅಂಥದ್ದೊಂದು ರಾತ್ರಿ ಕೆಡುವುದು ಹೀಗೆ. ಆಟ ಶುರುವಾಗುವುದೇ ರಾತ್ರಿ ಒಂಬತ್ತರ ಹೊತ್ತಿಗೆ, ಕತ್ತಲಾಗಬೇಕಲ್ಲ. ತುಂತುರು ಬಿದ್ದರೆ ನಿಲ್ಲಿಸುವುದಿಲ್ಲ, ಹಾಡುವವರೂ ನೆನೆಯುತ್ತಲೇ ಹಾಡುತ್ತಾರೆ. ಮಳೆ ಜೋರಾದಾಗ ಗಡಿಯಾರದ ಲೆಕ್ಕ ಬರುತ್ತದೆ. 60 ನಿಮಿಷ ತುಂಬುವ ಮೊದಲು ಪ್ರದರ್ಶನ ನಿಂತರೆ ಟಿಕೆಟ್ ಹಣ ವಾಪಸ್. 60 ದಾಟಿದ ಮೇಲೆ ನಿಂತರೆ ಇಲ್ಲ. ಇಡೀ ಒಪೆರಾ ವಿರಾಮವಿಲ್ಲದೆ ಸುಮಾರು ಎರಡು ಗಂಟೆಯದ್ದು. ಅರ್ಧಕ್ಕೆ ಎದ್ದು ಬಂದು ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ, ನಿಯಮ ಮೊದಲೇ ಬರೆದಿರುತ್ತದೆ.

"ಪಕ್ಕದಲ್ಲೇ ಅಷ್ಟು ದೊಡ್ಡ ಸಭಾಂಗಣ ಇದೆಯಲ್ಲ, ಒಳಗೆ ಕೂರಿಸುತ್ತಾರೆ" ಎಂಬ ನಂಬಿಕೆ ಎಲ್ಲಕ್ಕಿಂತ ದುಬಾರಿ. ಗ್ಯಾಲರಿಯ ಹಿಂದಿರುವ ಫೆಸ್ಟ್‌ಷ್ಪೀಲ್‌ಹೌಸ್‌ನಲ್ಲಿ ಇರುವುದು ಸುಮಾರು 1,650 ಆಸನ ಮಾತ್ರ. ಆಟ ಒಳಗೆ ಹೋದರೆ, ಒಳಗೂ ನಡೆಯುತ್ತದೆ ಎಂದು ನಮೂದಿಸಿರುವ ಮೇಲ್ದರ್ಜೆಯ ಟಿಕೆಟ್ಟಿನವರಿಗಷ್ಟೇ ಪ್ರವೇಶ. ಉಳಿದ ಸಾವಿರಾರು ಜನ ರಾತ್ರಿಯೇ ಮನೆ ದಾರಿ ಹಿಡಿಯಬೇಕು. ಒಳಗೆ ಹೋದವರಿಗೂ ನೀರಿನ ಮೇಲಿನ ಆ ಭಾರಿ ರಂಗಸಜ್ಜಿಕೆ ಕಾಣುವುದಿಲ್ಲ, ಅರೆ ಅಭಿನಯದ ಸಂಗೀತ ಕಛೇರಿಯಂತೆ ಸಾಗುತ್ತದೆ. (ಅಂದಹಾಗೆ, ವಾದ್ಯವೃಂದ ಯಾವಾಗಲೂ ಕೂರುವುದು ಆ ಸಭಾಂಗಣದಲ್ಲೇ. ಹೊರಗೆ ಕೇಳಿಸುವುದು ಧ್ವನಿವರ್ಧಕಗಳ ಮೂಲಕ. ಮುಂದಿನ ಸಾಲಿಗೆ ಹೆಚ್ಚು ಕೊಟ್ಟರೆ ಪಿಟೀಲು ಹತ್ತಿರವಾಗುವುದಿಲ್ಲ.)

ಹಾಗಾಗಿ ಲೆಕ್ಕ ಸರಳ. ಇದಕ್ಕೆಂದೇ ಪ್ರವಾಸ ಹಾಕಿದ್ದರೆ ಒಳಗೂ ನಡೆಯುವ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಇಲ್ಲವೇ ಹಿಂದಿನ ಸಾಲಿನ ಅಗ್ಗದ್ದು ಸಾಕು. ನಡುವಿನ ದರದ್ದು ಮಳೆಯಲ್ಲಿ ಅಗ್ಗದ್ದಕ್ಕಿಂತ ಒಂದಿಷ್ಟೂ ಮೇಲಲ್ಲ. ಮಾರಾಟ ಮುಗಿದಿದೆ ಎಂದು ಮರುಮಾರಾಟದ ಜಾಲತಾಣಗಳಿಗೆ ಹೋಗಬೇಡಿ: ಪ್ರದರ್ಶನ ರದ್ದಾದರೂ ವಾಪಸಾಗುವುದು ಟಿಕೆಟ್ ಮೇಲೆ ಅಚ್ಚಾದ ಬೆಲೆ, ದಲ್ಲಾಳಿಗೆ ಮೇಲೆ ಕೊಟ್ಟದ್ದು ಹೋದಂತೆಯೇ. ಒಂದೇ ಒಪೆರಾವನ್ನು ಎರಡು ಬೇಸಿಗೆ ಆಡಿಸುತ್ತಾರೆ. ಈ ವರ್ಷ ಸಿಗದಿದ್ದರೆ ಇನ್ನೊಂದು ವರ್ಷವಿದೆ, ಎರಡನೇ ವರ್ಷವೂ ತಪ್ಪಿದರೆ ಮಾತ್ರ ಹೋಯಿತು.

ಗ್ಯಾಲರಿಯಲ್ಲಿ ಕೊಡೆ ಬಿಚ್ಚುವಂತಿಲ್ಲ. ಟೋಪಿ ಇರುವ ಮಳೆ ಅಂಗಿ ಬೇಕು, ಮೊಣಕಾಲು ಮುಚ್ಚುವಷ್ಟು ಉದ್ದದ್ದು. ಗಿಡ್ಡದ್ದು ಹಾಕಿ ಕೂತರೆ ನೀರೆಲ್ಲ ತೊಡೆಯ ಮೇಲೆ ಇಳಿಯುತ್ತದೆ. ಹಗಲು ಸೆಕೆಯಿದ್ದರೂ ಸರೋವರದ ಗಾಳಿಗೆ ಹತ್ತು ಗಂಟೆಯ ಹೊತ್ತಿಗೆ ನಡುಕ ಬರುತ್ತದೆ. ಒಂದು ಸ್ವೆಟರ್, ಕೂರಲು ಒಂದು ಮಡಚುವ ಹಾಸು ಇರಲಿ.

ಹವಾಮಾನದ ಆಪ್‌ಗಿಂತ ದಡದ ಕಿತ್ತಳೆ ದೀಪಗಳನ್ನು ನೋಡುವುದು ಲೇಸು. ಸರೋವರದ ಸುತ್ತ ದೋಣಿಗಳಿಗೆಂದು ಇಟ್ಟ ಎಚ್ಚರಿಕೆ ದೀಪಗಳವು. ನಿಮಿಷಕ್ಕೆ 40 ಬಾರಿ ಮಿನುಗಿದರೆ ಜೋರು ಗಾಳಿ ಬರಬಹುದು, 90 ಬಾರಿ ಮಿನುಗಿದರೆ ಬಿರುಗಾಳಿ. ಎಣಿಸಬೇಕಾಗಿಯೂ ಇಲ್ಲ, ಎರಡನೆಯದರ ಅವಸರ ನೋಡಿದರೇ ಗೊತ್ತಾಗುತ್ತದೆ.

ಇನ್ನು ಊರು. ಬ್ರೆಗೆಂಟ್ಸ್ ಚಿಕ್ಕದು, ಉತ್ಸವದ ವಾರಗಳಲ್ಲಿ ಕೋಣೆ ಸಿಗುವುದು ಕಷ್ಟ. ದಕ್ಷಿಣಕ್ಕೆ ಡೋರ್ನ್‌ಬಿರ್ನ್‌ನಲ್ಲೋ ಗಡಿಯಾಚೆ ಜರ್ಮನಿಯ ಲಿಂಡೌನಲ್ಲೋ ಉಳಿಯುವವರು ವಾಪಸಾಗುವ ರೈಲನ್ನು ಮೊದಲೇ ನೋಡಿಡಬೇಕು. ಆಟ ಮುಗಿಯುವಾಗ ಹನ್ನೊಂದು ದಾಟಿರುತ್ತದೆ, ಸಾವಿರಾರು ಜನ ಒಟ್ಟಿಗೆ ನಿಲ್ದಾಣದತ್ತ ನಡೆಯುತ್ತಾರೆ. ಲಿಂಡೌನಲ್ಲಿ ಎರಡು ನಿಲ್ದಾಣಗಳಿವೆ: ದ್ವೀಪದ ಮೇಲಿನ ಲಿಂಡೌ-ಇನ್ಸೆಲ್, ಮುಖ್ಯ ಭೂಭಾಗದ ಲಿಂಡೌ-ರೊಯ್ಟಿನ್. ಹೋಟೆಲ್ ಯಾವ ಕಡೆಯದೆಂದು ನೋಡದೆ ಇಳಿದರೆ ನಡುರಾತ್ರಿ ಸೇತುವೆ ದಾಟಿ ಪೆಟ್ಟಿಗೆ ಎಳೆಯಬೇಕಾದೀತು.

ಸರೋವರದ ಸುತ್ತಲಿನ ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್ ಮೂರು ದೇಶಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಟ್ಟು ಹೋಗಬೇಡಿ, ಜರ್ಮನಿಯ ಗಡಿಯಲ್ಲಿ ರೈಲಿನೊಳಗೇ ತಪಾಸಣೆ ನಡೆಯುವುದುಂಟು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ. ಯುರೋಪಿನ ಸಿಮ್ ಇದ್ದರೂ ಅಲ್ಲಿನ ನೆಟ್‌ವರ್ಕ್ ನಿಮ್ಮ ಪ್ಯಾಕ್‌ನಲ್ಲಿ ಸೇರಿಲ್ಲದಿರಬಹುದು, ಮತ್ತು ದಡದಲ್ಲಿ ನಿಂತಾಗ ಫೋನು ಆಚೆ ದಡದ ಟವರ್ ಹಿಡಿದುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ನೆಟ್‌ವರ್ಕ್ ಆರಿಸುವುದನ್ನು ನಿಲ್ಲಿಸಿ, ಆಸ್ಟ್ರಿಯಾದ ಕಂಪನಿಯೊಂದನ್ನು ಕೈಯಾರೆ ಆರಿಸಿಕೊಳ್ಳಿ. ಟಿಕೆಟ್ಟಿನ ಪಿಡಿಎಫ್ ಫೋನಿನಲ್ಲೇ ಇಳಿಸಿಟ್ಟುಕೊಂಡಿರಿ.