ಉಡುಪಿಯ ಮನೆಗೊಂದು ಗೇಮಿಂಗ್ ಪಿಸಿ: ರೈಜೆನ್ 5 7600, ಆರ್‌ಟಿಎಕ್ಸ್ 4060

ಕಡಿಮೆ ಬಜೆಟ್ಟಿನಲ್ಲಿ ಗೇಮಿಂಗ್ ಪಿಸಿ ಕಟ್ಟಿಸುವವರು ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಹಣ ಎತ್ತಿಟ್ಟು, ಉಳಿದುದರಲ್ಲಿ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ವಿದ್ಯುತ್ ಹಂಚುವ ಪವರ್ ಸಪ್ಲೈ) ಹೊಂದಿಸುವುದು ವಾಡಿಕೆ. ಗುಡುಗು ಕೇಳಿಸುವ ಮೊದಲೇ ಕರೆಂಟ್ ಹೋಗುವ ನಮ್ಮ ಕರಾವಳಿಯಲ್ಲಿ ಲೆಕ್ಕವನ್ನು ಎಸ್‌ಎಂಪಿಎಸ್‌ನಿಂದಲೇ ಆರಂಭಿಸಬೇಕು ಎಂಬುದು, ತಮ್ಮನ ಮಗನಿಗಾಗಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಜೋಡಿಸಿಕೊಂಡ ಈ ಪಿಸಿಯನ್ನು ಬಳಸಿದ ಮೇಲೆ ನನಗೆ ಖಚಿತವಾಗಿದೆ.

ಪ್ರೊಸೆಸರ್ ರೈಜೆನ್ 5 7600. ಇದರ ಟಿಡಿಪಿ, ಅಂದರೆ ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು, 65 ವ್ಯಾಟ್ ಆಗಿದ್ದು, ಪೂರ್ಣ ಹೊರೆ ಬಿದ್ದಾಗಲೂ 88 ವ್ಯಾಟ್ ಮೀರದಂತೆ ಮಿತಿ ಇದೆ. ಜತೆಗೆ ಬರುವ ಕೂಲರ್ ಸಾಕಾಗುವುದರಿಂದ ಬೇರೊಂದು ಕೊಳ್ಳಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060 ಗರಿಷ್ಠ 115 ವ್ಯಾಟ್ ಬಳಸುತ್ತದೆ. ಬೋರ್ಡ್, ಮೆಮೊರಿ, ಫ್ಯಾನುಗಳನ್ನು ಸೇರಿಸಿದರೂ ಆಟದ ನಡುವೆ ಒಟ್ಟು ಬಳಕೆ 250 ವ್ಯಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ನಾಲ್ಕು ಗಂಟೆ ಆಡಿದರೆ ಒಂದು ಯುನಿಟ್. ಹೆಚ್ಚು ವ್ಯಾಟಿನ ಕಾರ್ಡಿಗೆ ಹೋಲಿಸಿದರೆ ಬಿಲ್ಲಿನಲ್ಲಾಗುವ ಉಳಿತಾಯ ಅಷ್ಟೇನೂ ದೊಡ್ಡದಲ್ಲ. ಆದರೆ 360 ವ್ಯಾಟ್ ಕೊಡುವ ಸಾಮಾನ್ಯ 600 ವಿಎ ಯುಪಿಎಸ್ ಮಾನಿಟರನ್ನೂ ಸೇರಿಸಿ ಈ ಪಿಸಿಯನ್ನು ಹೊರುತ್ತದೆ; 300 ವ್ಯಾಟಿನ ಕಾರ್ಡ್ ಹಾಕಿದ್ದರೆ ಯುಪಿಎಸ್‌ಗೂ ಇನ್ನೊಂದಷ್ಟು ಹಣ ಸುರಿಯಬೇಕಿತ್ತು. ಮನೆಯ ಇನ್ವರ್ಟರಿಗೇ ಜೋಡಿಸುವವರು ಅದು ಸೈನ್ ವೇವ್ (ಲೈನಿನ ಕರೆಂಟಿನಂತೆ ನಯವಾದ ಅಲೆಯ) ಮಾದರಿಯದೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಆ್ಯಕ್ಟಿವ್ ಪಿಎಫ್‌ಸಿ (ವಿದ್ಯುತ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳು ಸ್ಕ್ವೇರ್ ವೇವ್‌ಗೆ ಹೊಂದದೆ ಕರೆಂಟ್ ಹೋದ ಕ್ಷಣದಲ್ಲೇ ಪಿಸಿಯನ್ನು ಆಫ್ ಮಾಡಿಬಿಡುತ್ತವೆ.

ಅಂಗಡಿಯವರ ಮೊದಲ ಕೊಟೇಶನ್ನಿನಲ್ಲಿ 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್' ಎಂಬ ಒಂದೇ ಸಾಲಿತ್ತು. ಕಂಪೆನಿಯ ಹೆಸರೂ ಇಲ್ಲ, ಮಾದರಿಯೂ ಇಲ್ಲ. ಅದನ್ನು ಬಿಡಿಸಿ, 80 ಪ್ಲಸ್ ಬ್ರಾಂಜ್ ಗುರುತಿನ 550 ವ್ಯಾಟಿನದನ್ನು ಪ್ರತ್ಯೇಕವಾಗಿ ಬರೆಸಿದೆ. ಆ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ; ವೋಲ್ಟೇಜ್ ಏರಿದಾಗಿನ ರಕ್ಷಣೆ, ವಾರಂಟಿಯ ಅವಧಿ ಇವನ್ನು ಬೇರೆಯಾಗಿಯೇ ಕೇಳಬೇಕು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ದುಬಾರಿ ಸರ್ಜ್ ಪ್ರೊಟೆಕ್ಟರ್ ಕೂಡ ಹೆಚ್ಚೇನೂ ಮಾಡಲಾರದು.

ಬೋರ್ಡ್ ಬಿ650 ಚಿಪ್‌ಸೆಟ್‌ನದು, ಪ್ರೊಸೆಸರ್ ಕೂರುವ ಸಾಕೆಟ್ ಎಎಂ5. 2022ರಲ್ಲಿ ಬಂದ ಈ ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. 2024ರ 9000 ಸರಣಿಯ ಪ್ರೊಸೆಸರುಗಳು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಇದರಲ್ಲೇ ಕೂರುತ್ತವೆ. ಮೆಮೊರಿ ಸ್ಲಾಟ್ ನಾಲ್ಕಿರುವ ಬೋರ್ಡನ್ನು ಆರಿಸಿಕೊಂಡು, 16 ಜಿಬಿಯನ್ನು ಎರಡು ಕಡ್ಡಿಗಳಾಗಿ ಹಾಕಿಸಿದ್ದೇನೆ. ಒಂದೇ ಕಡ್ಡಿಯಾದರೆ ಮೆಮೊರಿಯ ಬ್ಯಾಂಡ್‌ವಿಡ್ತ್ (ದತ್ತಾಂಶ ಸಾಗುವ ವೇಗ) ಅರ್ಧಕ್ಕಿಳಿಯುತ್ತದೆ.

ಕೊರತೆ ಇರುವುದು ಕಾರ್ಡಿನಲ್ಲಿ. ಅದರ 8 ಜಿಬಿ ಮೆಮೊರಿ 1080ಪಿ (1920×1080) ಪರದೆಗೆ ಈಗ ಸಾಕೆನಿಸಿದರೂ, ಕೆಲವು ಹೊಸ ಆಟಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಲೇಬೇಕಾಗುತ್ತದೆ. ಮುಂದೆ ಮೊದಲು ಬದಲಾಗುವುದು ಅದೇ, ಮತ್ತು 200 ವ್ಯಾಟಿನೊಳಗಿನ ಯಾವ ಕಾರ್ಡಿಗೂ ಈ ಎಸ್‌ಎಂಪಿಎಸ್ ಸಾಲುತ್ತದೆ. ಯುಪಿಎಸ್ ಮಾತ್ರ ಆಗ ಮಿತಿಯ ಹತ್ತಿರ ಬರುತ್ತದೆ. ಮನೆಯಲ್ಲಿ ಹಳೆಯ ಡಿಡಿಆರ್4 ಮೆಮೊರಿ (ಎಎಂ5ಗೆ ಡಿಡಿಆರ್5 ಬೇಕು) ಇರುವವರಿಗೆ 65 ವ್ಯಾಟಿನದೇ ಆದ ರೈಜೆನ್ 5 5600 ಅಗ್ಗವಾಗುತ್ತದೆ. ಆದರೆ ಅದರ ಎಎಂ4 ಸಾಕೆಟ್ 2016ರದು, ಎಎಂ5ಗೆ ದಾಟುವ ದಿನ ಬೋರ್ಡನ್ನೂ ಮೆಮೊರಿಯನ್ನೂ ಒಟ್ಟಿಗೇ ಕೊಳ್ಳಬೇಕಾಗುತ್ತದೆ.