ಕೆಂಗಲ್ ಹನುಮಂತಯ್ಯನವರ ಹೆಸರಿನ ಒಂದು ಪಾರಂಪರಿಕ ನಡಿಗೆ: ಅರ್ಧ ಬದುಕಿಗೆ ಪೂರ್ತಿ ಶುಲ್ಕ

ಬೆಂಗಳೂರಿನ ಇತಿಹಾಸವನ್ನು ಕಾಲ್ನಡಿಗೆಯಲ್ಲಿ ಪರಿಚಯಿಸುವ ಸಣ್ಣ ತಂಡಗಳು ಈಗ ಹಲವಾರು ಇವೆ. ಅಂಥದ್ದೊಂದು ತಂಡವು, ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಬದುಕನ್ನು ಕುರಿತದ್ದೆಂದು ಪ್ರಕಟಿಸಿದ್ದ ನಡಿಗೆಗೆ ತಲಾ 500 ರೂಪಾಯಿ ಕೊಟ್ಟು, ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವಿಧಾನಸೌಧ ಮೆಟ್ರೊ ನಿಲ್ದಾಣದ ಬಳಿ ನಾನೂ ನನ್ನ ಪತ್ನಿಯೂ ಹಾಜರಾದೆವು. ನಮ್ಮನ್ನೂ ಸೇರಿಸಿ ಹದಿನೆಂಟು ಮಂದಿ ಇದ್ದರು. ವಿವರಣೆ ಆದ್ಯಂತ ಕನ್ನಡದಲ್ಲಿತ್ತು. ಇಂಥ ನಡಿಗೆಗಳಲ್ಲಿ ಇದು ಅಪರೂಪವಾದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ತಂಡದ ಹೆಸರನ್ನು ಬರೆಯುತ್ತಿಲ್ಲ. ನನ್ನ ಆಕ್ಷೇಪ ಅವರು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದರ ಕುರಿತಾದದ್ದು.

ಮಾರ್ಗದರ್ಶಕರು ಮೂವತ್ತರ ಆಸುಪಾಸಿನ ಯುವಕರು. ಕಟ್ಟಡವನ್ನು ನೋಡುವುದು ಹೇಗೆಂದು ಕಲಿಸಬಲ್ಲವರು. ಎದುರಿನ ಅಠಾರ ಕಚೇರಿಯ (ಇಂದಿನ ಹೈಕೋರ್ಟ್ ಕಟ್ಟಡ) ಕೆಂಪು ಗೋಡೆಗಳನ್ನು ಮೊದಲು ತೋರಿಸಿ, ಆಮೇಲೆ ನಮ್ಮನ್ನು ವಿಧಾನಸೌಧದ ಕಡೆಗೆ ತಿರುಗಿಸಿ ನಿಲ್ಲಿಸಿದ ಕ್ರಮ ನನಗೆ ಬಹಳ ಹಿಡಿಸಿತು. 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ, ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದು ಸರಳವಾದ ಒಂದು ಕಟ್ಟಡಕ್ಕೆ. 1952ರ ಮಾರ್ಚ್ ಕೊನೆಯಲ್ಲಿ ಅಧಿಕಾರ ವಹಿಸಿಕೊಂಡ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿರಿಸಿ, ವಾಸ್ತುಶಿಲ್ಪಿ ಬಿ.ಆರ್. ಮಾಣಿಕಂ ಅವರಿಂದ ಗೋಪುರ, ಕಮಾನು, ಕೆತ್ತನೆಗಳುಳ್ಳ ಇಂದಿನ ರೂಪವನ್ನು ಬರೆಸಿದರು ಎಂಬುದನ್ನು ಅವರು ಸಾವಧಾನವಾಗಿ ವಿವರಿಸಿದರು. ನಿಮ್ಮ ಊರಿನಲ್ಲಿ ನಿಮ್ಮದೇ ವಾಸ್ತುಶಿಲ್ಪ ಎಲ್ಲಿದೆ ಎಂದು ರಷ್ಯಾದ ನಿಯೋಗವೊಂದು ಕೇಳಿದ ಪ್ರಸಿದ್ಧ ಕಥೆಯನ್ನು ಹೇಳುವಾಗ, ಇದು ಜನರ ಬಾಯಲ್ಲಿ ಉಳಿದುಬಂದ ಮಾತು ಎಂದು ಸೇರಿಸಿದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಸಾಲಿನ ಕೆಳಗೆ ಫೋಟೊ ತೆಗೆಸಿಕೊಳ್ಳುವವರ ನಗುವನ್ನು ಮಾತ್ರ ಅವರೂ ತಡೆಯಲಾಗಲಿಲ್ಲ. ಅಹವಾಲು ಹಿಡಿದು ಒಳಗೆ ಅಲೆದವರಿಗೆ ಆ ಸಾಲಿನ ಅರ್ಥ ಬೇರೆಯೇ.

1956ರ ಭಾಗವನ್ನೂ ಅವರು ಚೆನ್ನಾಗಿಯೇ ನಿರ್ವಹಿಸಿದರು. ಹಳೇ ಮೈಸೂರಿನ ಅನೇಕ ಪ್ರಭಾವಿ ನಾಯಕರಿಗೆ ಕರ್ನಾಟಕದ ಏಕೀಕರಣವು ತಮ್ಮ ರಾಜಕೀಯ ಬಲವನ್ನು ಕುಗ್ಗಿಸುವ ಸಂಗತಿಯಾಗಿ ಕಂಡಿದ್ದರೂ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಆ ವರ್ಷದ ಆಗಸ್ಟ್‌ನಲ್ಲಿ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಅಧಿಕಾರದಿಂದ ಇಳಿದರು. ವಿಧಾನಸೌಧ ಪೂರ್ಣಗೊಂಡದ್ದು ಅದೇ ವರ್ಷ. ನವೆಂಬರ್ 1ರಂದು ವಿಶಾಲ ಮೈಸೂರಿನ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು.

ಇಲ್ಲಿಂದ ಮುಂದಿನದ್ದಕ್ಕೆ ದೊರೆತದ್ದು ಐದೇ ನಿಮಿಷ. ‘ಆಮೇಲೆ ಸಂಸದರಾದರು, ರೈಲ್ವೆ ಸಚಿವರೂ ಆದರು’ ಎಂಬಲ್ಲಿಗೆ ಕಥೆ ಮುಗಿಯಿತು. ಲೆಕ್ಕ ಹಾಕಿ ನೋಡಿದರೆ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದದ್ದು ನಾಲ್ಕೂವರೆ ವರ್ಷಕ್ಕಿಂತ ಕಡಿಮೆ. ಬೆಂಗಳೂರನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದು 1962, 1967, 1971ರ ಮೂರು ಚುನಾವಣೆಗಳನ್ನು ಗೆದ್ದು, ಸುಮಾರು ಹದಿನೈದು ವರ್ಷ. ಅದಕ್ಕೂ ಮುಂಚೆ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದವರು ಅವರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಸರ್ಕಾರ ನಿಜಲಿಂಗಪ್ಪನವರ ಬಣದ ಜೊತೆ ಉಳಿಯಿತು; ಹನುಮಂತಯ್ಯನವರು ಇಂದಿರಾ ಗಾಂಧಿಯವರ ಕಡೆ ಇದ್ದು 1970ರಲ್ಲಿ ಕಾನೂನು ಸಚಿವರಾದರು, 1971ರ ಮಾರ್ಚ್‌ನಿಂದ 1972ರ ಜುಲೈವರೆಗೆ ರೈಲ್ವೆ ಖಾತೆ ನೋಡಿಕೊಂಡರು. 1956ರಲ್ಲಿ ಪಕ್ಷದೊಳಗೆ ಸೋತವರು 1971ರಲ್ಲಿ ಗೆದ್ದ ಬಣದಲ್ಲಿದ್ದರು: ರಾಜ್ಯದ ಇಪ್ಪತ್ತೇಳು ಲೋಕಸಭಾ ಸ್ಥಾನಗಳೂ ಆ ವರ್ಷ ಇಂದಿರಾ ಬಣದ ಪಾಲಾದವು. ಇಷ್ಟು ನಾಟಕೀಯವಾದ ಭಾಗವನ್ನು ಒಬ್ಬ ಕಥೆಗಾರ ಹೇಗೆ ಬಿಡಬಲ್ಲ ಎಂಬುದೇ ನನಗೆ ಬಗೆಹರಿಯಲಿಲ್ಲ.

ಇದಕ್ಕಿಂತ ಹೆಚ್ಚು ಬೇಸರವಾದದ್ದು ನಾವು ಸರ್ಕಾರಿ ಕಚೇರಿಗಳ ಬಹುಮಹಡಿ ಕಟ್ಟಡವಾದ ಎಂ.ಎಸ್. ಬಿಲ್ಡಿಂಗ್ ಮುಂದೆ ಮಾತಿಲ್ಲದೆ ಸಾಗಿಹೋದಾಗ. ಕೇಂದ್ರ ಸರ್ಕಾರವು 1966ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ರಚಿಸಿದ ಆಡಳಿತ ಸುಧಾರಣಾ ಆಯೋಗದಲ್ಲಿ ಹನುಮಂತಯ್ಯನವರು ಸದಸ್ಯರಾಗಿದ್ದರು. ಅದೇ ವರ್ಷ ಆ ಆಯೋಗವು ನಾಗರಿಕರ ದೂರುಗಳ ಪರಿಹಾರದ ಬಗ್ಗೆ ಕೊಟ್ಟ ಮಧ್ಯಂತರ ವರದಿಯಲ್ಲೇ ಲೋಕಪಾಲ ಮತ್ತು ಲೋಕಾಯುಕ್ತ ಸಂಸ್ಥೆಗಳ ಶಿಫಾರಸು ಇದ್ದದ್ದು. 1967ರಲ್ಲಿ ದೇಸಾಯಿಯವರು ಉಪಪ್ರಧಾನಿಯಾದ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಬಂದ ಹನುಮಂತಯ್ಯನವರು ಕೇಂದ್ರ–ರಾಜ್ಯ ಸಂಬಂಧ, ಸಿಬ್ಬಂದಿ ಆಡಳಿತ ಮೊದಲಾದ ವಿಷಯಗಳ ಮೇಲೆ ವರದಿಗಳನ್ನು ಕೊಡಿಸಿದರು; ಆಯೋಗದ ಒಟ್ಟು ವರದಿಗಳು ಇಪ್ಪತ್ತು. ಕರ್ನಾಟಕದ ಲೋಕಾಯುಕ್ತ ಕಾಯ್ದೆ ಬಂದದ್ದು 1984ರಲ್ಲಿ, ಅದರ ಕಚೇರಿ ಇರುವುದು ಇದೇ ಎಂ.ಎಸ್. ಬಿಲ್ಡಿಂಗ್‌ನಲ್ಲಿ, ವಿಧಾನಸೌಧದ ಮಗ್ಗುಲಲ್ಲಿ! ಸರ್ಕಾರದ ಕೆಲಸ ದೇವರ ಕೆಲಸ ಎಂದು ಕಲ್ಲಿನಲ್ಲಿ ಬರೆಸಿದವರೇ, ಆ ಕೆಲಸ ಕೆಟ್ಟಾಗ ದೂರು ಕೊಡಲು ಒಂದು ಬಾಗಿಲು ಬೇಕೆಂದ ಆಯೋಗದಲ್ಲೂ ಕುಳಿತಿದ್ದರು ಎಂಬುದನ್ನು ಹೇಳಲು ಇಡೀ ನಗರದಲ್ಲಿ ಇದಕ್ಕಿಂತ ತಕ್ಕ ಜಾಗ ಇರಲಾರದು.

ಉಳಿದ ಸಂಗತಿಗಳಲ್ಲಿ ದೊಡ್ಡ ದೋಷವಿಲ್ಲ. ಸಮಯಪಾಲನೆ ಚೆನ್ನಾಗಿತ್ತು, ನೀರಿನ ಬಾಟಲಿ ಕೊಟ್ಟರು, ಕೊನೆಯಲ್ಲಿ ಕೊಡಿಸಿದ ಖಾಲಿ ದೋಸೆ ಬಿಸಿಯಾಗಿತ್ತು. ಸೊಂಟಕ್ಕೆ ಕಟ್ಟಿಕೊಂಡಿದ್ದ ಸ್ಪೀಕರ್ ಅಂಬೇಡ್ಕರ್ ವೀಧಿಯ ವಾಹನಗಳ ಸದ್ದಿನ ಮುಂದೆ ಸೋತಿತು. ಹಿಂದೆ ನಿಂತವರಿಗೆ ಅರ್ಧ ಮಾತು ಕೇಳಿಸಲಿಲ್ಲ. ಭದ್ರತೆಯ ಕಾರಣ ನಮಗೆ ಒಳಗೆ ಪ್ರವೇಶವಿರಲಿಲ್ಲ, ಎಲ್ಲವನ್ನೂ ಬೇಲಿಯ ಹೊರಗಿನಿಂದಲೇ ನೋಡಬೇಕಾಯಿತು. ಇದನ್ನು ಹಣ ಕಟ್ಟುವ ಮುನ್ನವೇ ತಿಳಿಸಿದ್ದರೆ ಒಳ್ಳೆಯದಿತ್ತು. ಕೊಟ್ಟ ಕರಪತ್ರದಲ್ಲಿ ಹನುಮಂತಯ್ಯನವರ ಹೆಸರಿನ ಕೆಳಗೆ ‘ಮಾಜಿ ಮುಖ್ಯಮಂತ್ರಿ’ ಎಂದಷ್ಟೇ ಇದೆ. ಶಾಂತಿನಗರದ ಕೆ.ಎಚ್. ರಸ್ತೆಯ ಪ್ರಸ್ತಾಪವೂ ಇರಲಿಲ್ಲ. ಅದನ್ನು ಇಂದಿಗೂ ಡಬಲ್ ರೋಡ್ ಎಂದೇ ಕರೆಯುವ ನಮ್ಮ ಊರಿನವರಿಗೆ ಆ ಎರಡು ಅಕ್ಷರಗಳು ಯಾರವೆಂದು ಹೇಳಬಹುದಿತ್ತು.

ದೋಸೆ ತಿನ್ನುವಾಗ ಎಂ.ಎಸ್. ಬಿಲ್ಡಿಂಗ್ ವಿಷಯವನ್ನು ಮಾರ್ಗದರ್ಶಕರ ಬಳಿ ಪ್ರಸ್ತಾಪಿಸಿದೆ. ಅವರು ವಾದ ಮಾಡದೆ, ‘ಇದು ನನಗೆ ಗೊತ್ತಿರಲಿಲ್ಲ ಸರ್’ ಎಂದು ಮೊಬೈಲಿನಲ್ಲಿ ಬರೆದುಕೊಂಡರು. ಕಟ್ಟಡದ ಬಗ್ಗೆ ತಿಳಿಯಬೇಕೆನ್ನುವವರು ಈಗಲೇ ಹೋಗಬಹುದು, 500 ರೂಪಾಯಿ ದುಬಾರಿಯಲ್ಲ. ಮನುಷ್ಯನ ಬಗ್ಗೆ ತಿಳಿಯಬೇಕೆನ್ನುವವರು ಒಂದೆರಡು ತಿಂಗಳು ಕಾದು, ಲೋಕಸಭೆಯ ಭಾಗ ಸೇರಿದೆಯೇ ಎಂದು ಫೋನ್ ಮಾಡಿ ವಿಚಾರಿಸಿಕೊಂಡು ಹಣ ಕಟ್ಟಲಿ.